ಅವಸರ ಕಲಿಸದ ಓಟದ ಕ್ಲಾಸು: ಉಡುಪಿಯ ಮಾಸ್ಟ್ರ ಬಳಗದಲ್ಲಿ ಒಂಬತ್ತು ತಿಂಗಳು

ಉಡುಪಿಯಲ್ಲಿ ದೂರದ ಓಟವನ್ನು ಹವ್ಯಾಸವಾಗಿ ಕಲಿಯಬೇಕೆಂದು ಬಯಸುವವರಿಗೆ ತರಬೇತಿ ಕೊಡುವ ಒಂದು ಸಣ್ಣ ಬಳಗವಿದೆ. ಅದಕ್ಕೆ ಬೋರ್ಡು ಇಲ್ಲ, ಆಫೀಸು ಇಲ್ಲ, ಜಾಹೀರಾತೂ ಇಲ್ಲ. ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದು ನಿವೃತ್ತರಾದ ಹಿರಿಯರೊಬ್ಬರು ಇದನ್ನು ನಡೆಸುತ್ತಾರೆ. ಸೇರಿದವರೆಲ್ಲರೂ ಇದನ್ನು ‘ಮಾಸ್ಟ್ರ ಕ್ಲಾಸು’ ಎಂದೇ ಕರೆಯುತ್ತಾರೆ. ತಮ್ಮ ಹೆಸರನ್ನು ಎಲ್ಲಿಯೂ ಬರೆಯಬಾರದೆಂದು ಅವರು ಕೇಳಿಕೊಂಡಿರುವುದರಿಂದ ನಾನೂ ಇಲ್ಲಿ ಮಾಸ್ಟ್ರು ಎಂದಷ್ಟೇ ಬರೆಯುತ್ತೇನೆ. ವಾರಕ್ಕೆ ಮೂರು ದಿನ ಓಟ, ಮೂರು ತಿಂಗಳಿಗೆ 2,400 ರೂಪಾಯಿ ಶುಲ್ಕ. ಕಳೆದ ಜೂನ್ ಎರಡನೆಯ ವಾರದಲ್ಲಿ ಸೇರಿ, ಮೂರು ಬಾರಿ ಶುಲ್ಕ ಕಟ್ಟಿ, ಮಳೆಗಾಲವನ್ನೂ ಅದರ ಬೆನ್ನಿಗೆ ಬರುವ ಅಕ್ಟೋಬರದ ಸೆಕೆಯನ್ನೂ ಈ ಬಳಗದ ಜೊತೆಗೆ ಕಳೆದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ನನಗೆ ಈಗ 43 ವರ್ಷ. ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆಯಾಗಿ ದಿನಕ್ಕೆ ಎಂಟು ಗಂಟೆ ಕುರ್ಚಿಯಲ್ಲಿ ಕುಳಿತಿರುತ್ತೇನೆ. ಈ ಕ್ಲಾಸಿಗೆ ಸೇರುವ ಮೊದಲು ಎರಡು ಬಾರಿ ನಾನೇ ಓಟ ಆರಂಭಿಸಿ ಎರಡು ಬಾರಿಯೂ ಬಿಟ್ಟಿದ್ದೆ. ಮೊದಲ ಸಲ ಮೊಬೈಲಿನ ಒಂದು ಆ್ಯಪ್ ಹೇಳಿದಂತೆ ಓಡಿದೆ; ಪ್ರತಿ ದಿನವೂ ನಿನ್ನೆಗಿಂತ ಬೇಗ ಓಡಬೇಕೆಂಬ ಹಟಕ್ಕೆ ಬಿದ್ದು, 5 ಕಿಲೋಮೀಟರನ್ನು 34 ನಿಮಿಷಕ್ಕೆ ಇಳಿಸಿದ ವಾರದಲ್ಲಿಯೇ ಮೊಣಕಾಲಿನ ಕೆಳಗಿನ ಎಲುಬಿನ ಒಳಬದಿಯಲ್ಲಿ ನೋವು ಕಾಣಿಸಿಕೊಂಡು ಮೆಟ್ಟಿಲು ಇಳಿಯುವುದೂ ಕಷ್ಟವಾಯಿತು. ಎರಡನೆಯ ಸಲ ನೋವೇನೂ ಬರಲಿಲ್ಲ. ಆರು ವಾರ ಕಳೆಯುವಷ್ಟರಲ್ಲಿ, ಯಾವ ಕಾರಣವೂ ಇಲ್ಲದೆ, ಬೆಳಿಗ್ಗೆ ಏಳುವುದು ನಿಂತುಹೋಯಿತು. ಈ ಎರಡನೆಯ ಸೋಲೇ ನನ್ನನ್ನು ಹೆಚ್ಚು ಕಾಡಿತು. ನೋವಿಗೆ ವಿಶ್ರಾಂತಿ ಕೊಟ್ಟರೆ ವಾಸಿಯಾಗುತ್ತದೆ. ಮನಸ್ಸೇ ಹಿಂದೆ ಸರಿದರೆ ಏನು ಮಾಡಬೇಕೆಂದು ನನಗೆ ತಿಳಿದಿರಲಿಲ್ಲ.

ಸೇರಿದ ದಿನ ಅಜ್ಜರಕಾಡಿನ ಮೈದಾನದ ಬಳಿ ಬೆಳಿಗ್ಗೆ ಐದೂವರೆಗೆ ಹದಿನಾಲ್ಕು ಮಂದಿ ನಿಂತಿದ್ದರು. ಅಂಗಡಿಯವರು ಲೆಕ್ಕ ಬರೆಯುವಂಥ, ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕವೊಂದು ಮಾಸ್ಟ್ರ ಸ್ಕೂಟರಿನ ಸೀಟಿನ ಮೇಲೆ ತೆರೆದಿತ್ತು, ಅದರ ಮೇಲೆ ಒಂದು ಸಣ್ಣ ಟಾರ್ಚು ಇತ್ತು. ಪ್ರತಿಯೊಬ್ಬರೂ ತಮ್ಮ ಸಾಲಿನಲ್ಲಿ ತಾವೇ ಬರೆಯಬೇಕು. ಪುಟದಲ್ಲಿ ಮೂರು ಕಲಮುಗಳಿದ್ದವು: ನಿನ್ನೆ ರಾತ್ರಿ ಎಷ್ಟು ಗಂಟೆ ನಿದ್ದೆ, ಇಂದು ಎಷ್ಟು ಹೊತ್ತು ಓಟ, ಮತ್ತು ಮೂರನೆಯದರ ತಲೆಯಲ್ಲಿ ಒಂದೇ ಪದ, ‘ಮಾತು’. ಓಟ ಮುಗಿದ ಮೇಲೆ ಈ ಮೂರನೆಯ ಕಲಮಿನಲ್ಲಿ ಸರಿ ಗುರುತು ಅಥವಾ ತಪ್ಪು ಗುರುತು ಹಾಕಬೇಕು. ಓಡುವಾಗ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾಗಿದ್ದರೆ ಸರಿ, ಏದುಸಿರು ಬಂದು ಮಾತು ತುಂಡಾಗಿದ್ದರೆ ತಪ್ಪು. ದೂರಕ್ಕೆ ಒಂದು ಕಲಮು, ವೇಗಕ್ಕೆ ಒಂದು ಕಲಮು ಎಂದು ನಾನು ಹುಡುಕಿದೆ, ಎರಡೂ ಇರಲಿಲ್ಲ.

ಆ ದಿನ ನಾನು ಅಭ್ಯಾಸ ಬಲದಿಂದ ಎಲ್ಲರಿಗಿಂತ ಮುಂದೆ ಓಡಿದೆ. ಮೂರನೆಯ ಸುತ್ತಿನಲ್ಲಿ ಮಾಸ್ಟ್ರು ಟ್ರ್ಯಾಕಿನ ಅಂಚಿಗೆ ಬಂದು, “ಎಂತ ಅವಸರ ಅಕ್ಕ? ಬಸ್ಸು ಹಿಡಿಲಿಕ್ಕೆ ಉಂಟಾ?” ಎಂದು ಕೇಳಿದರು. ನಾನು ಉತ್ತರ ಕೊಡಲು ಹೋದಾಗ ಉಸಿರು ಸಾಲಲಿಲ್ಲ. “ನೋಡಿ, ಮಾತಾಡ್ಲಿಕ್ಕೆ ಆಗುದಿಲ್ಲ. ಹಾಗಾದ್ರೆ ಈ ಓಟ ಇವತ್ತಿಗೆ ಜಾಸ್ತಿ ಆಯ್ತು. ನಡೀರಿ ಸ್ವಲ್ಪ,” ಎಂದರು. ಉಳಿದ ಹೊತ್ತು ನನ್ನನ್ನು ಅರುವತ್ತೊಂದು ವರ್ಷದ ಹಿರಿಯರೊಬ್ಬರ ಜೊತೆ ಓಡಲು ಬಿಟ್ಟರು. ಕಿಲೋಮೀಟರಿಗೆ ಒಂಬತ್ತು ನಿಮಿಷದ ಆ ಓಟ ನನಗೆ ಅವಮಾನದಂತೆ ತೋರಿತು. ಮನೆಗೆ ಬಂದ ಮೇಲೆ ಮಾತ್ರ ಗಮನಿಸಿದೆ: ಓಡಿದ ದಿನ ಮಧ್ಯಾಹ್ನ ಕೌಂಟರಿನಲ್ಲಿ ಬರುತ್ತಿದ್ದ ತೂಕಡಿಕೆ ಅಂದು ಬಂದಿರಲಿಲ್ಲ.

ಈ ನಿಧಾನದ ಹಿಂದೆ ಗಟ್ಟಿಯಾದ ಕಾರಣಗಳಿವೆ, ಮಾಸ್ಟ್ರು ಅವನ್ನು ಭಾನುವಾರದ ಓಟದ ನಂತರ ಬಿಡಿಬಿಡಿಯಾಗಿ ಹೇಳುತ್ತಾರೆ. ಉಸಿರಾಟ ಹಿಡಿತದಲ್ಲಿರುವ ವೇಗದಲ್ಲಿ ದೀರ್ಘಕಾಲ ಓಡಿದಾಗ ಸ್ನಾಯುಗಳ ಒಳಗೆ ಆಮ್ಲಜನಕವನ್ನು ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ, ಸ್ನಾಯುವಿನ ಎಳೆಗಳ ಸುತ್ತ ಲೋಮನಾಳಗಳೆಂಬ ಅತಿ ಸಣ್ಣ ರಕ್ತನಾಳಗಳ ಜಾಲ ದಟ್ಟವಾಗುತ್ತದೆ, ಹೃದಯ ಒಂದು ಬಡಿತಕ್ಕೆ ಹೊರದೂಡುವ ರಕ್ತದ ಪ್ರಮಾಣ ಏರುತ್ತದೆ, ಮತ್ತು ದೇಹ ಕೊಬ್ಬನ್ನು ಇಂಧನವಾಗಿ ಬಳಸುವುದನ್ನು ಹೆಚ್ಚು ಚೆನ್ನಾಗಿ ಕಲಿಯುತ್ತದೆ. ಇವೆಲ್ಲ ವಾರಗಳಲ್ಲಿ, ತಿಂಗಳುಗಳಲ್ಲಿ ಆಗುವ ಬದಲಾವಣೆಗಳು. ಹೃದಯ ಮತ್ತು ಶ್ವಾಸ ಬೇಗ ಪಳಗುತ್ತವೆ. ಎಲುಬು ಮತ್ತು ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುಗಳು ಅವಕ್ಕಿಂತ ಬಹಳ ನಿಧಾನವಾಗಿ ಗಟ್ಟಿಯಾಗುತ್ತವೆ. ನನ್ನ ಮೊದಲ ಸೋಲಿನ ಕಾರಣ ನನಗೆ ಅರ್ಥವಾದದ್ದು ಇಲ್ಲಿಯೇ. ನನ್ನ ದಮ್ಮು 34 ನಿಮಿಷದ ಓಟಕ್ಕೆ ಸಿದ್ಧವಾಗಿತ್ತು, ಕಾಲಿನ ಎಲುಬು ಇನ್ನೂ ಕುರ್ಚಿಯಲ್ಲಿಯೇ ಕುಳಿತಿತ್ತು.

ಕೈಗಡಿಯಾರ ಹೃದಯ ಬಡಿತ ತೋರಿಸುವಾಗ ಮಾತಿನ ಪರೀಕ್ಷೆ ಯಾಕೆ ಎಂದು ನಾನು ಒಮ್ಮೆ ಕೇಳಿದ್ದೆ. 220ರಲ್ಲಿ ವಯಸ್ಸನ್ನು ಕಳೆದರೆ ಗರಿಷ್ಠ ಬಡಿತ ಸಿಗುತ್ತದೆಂಬ ಲೆಕ್ಕ ಸರಾಸರಿಯ ಲೆಕ್ಕ. ಒಬ್ಬೊಬ್ಬರಲ್ಲಿ ಅದು ಹತ್ತು ಹನ್ನೆರಡು ಬಡಿತಗಳಷ್ಟು ಆಚೀಚೆ ಆಗುವುದು ಸಾಮಾನ್ಯ. ನನ್ನ ಲೆಕ್ಕಕ್ಕೆ 177 ಬರುತ್ತದೆ. ಹಿಂದೆ 5 ಕಿಲೋಮೀಟರಿನ ಕೊನೆಗೆ ನನ್ನ ಗಡಿಯಾರ 172 ತೋರಿಸುತ್ತಿತ್ತು, ಆದರೂ ಅದನ್ನು ನಾನು ‘ಮಾಮೂಲಿ ಓಟ’ ಎಂದುಕೊಂಡಿದ್ದೆ. ನಾಲಗೆಗೆ ಈ ಸೂತ್ರದ ಹಂಗಿಲ್ಲ. ನಿದ್ದೆ ಕಡಿಮೆಯಾದ ದಿನ, ಸೆಕೆ ಹೆಚ್ಚಾದ ದಿನ, ಜ್ವರ ಬರುವ ಹಿಂದಿನ ದಿನ ಮಾತು ತಾನಾಗಿಯೇ ತುಂಡಾಗುತ್ತದೆ, ಓಡುವವರು ತಾವಾಗಿಯೇ ವೇಗ ಇಳಿಸುತ್ತಾರೆ.

ಮಾಸ್ಟ್ರ ಪಾಠದಲ್ಲಿ ಎರಡು ಉದಾಹರಣೆಗಳು ಮತ್ತೆ ಮತ್ತೆ ಬರುತ್ತವೆ. ಒಂದು ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ಅವರದು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರ್ ಓಟದಲ್ಲಿ, ಮರ್ರೆ ಹಾಲ್ಬರ್ಗ್ 5,000 ಮೀಟರ್ ಓಟದಲ್ಲಿ ಒಂದೇ ದಿನ ಚಿನ್ನ ಗೆದ್ದರು. ಎರಡು ನಿಮಿಷವೂ ಹಿಡಿಯದ 800 ಮೀಟರ್ ಓಟದವರನ್ನೂ ಲಿಡಿಯಾರ್ಡ್ ವಾರಕ್ಕೆ 100 ಮೈಲಿಗಳಷ್ಟು ದೂರ ಓಡಿಸಿ ಮೊದಲು ಅಡಿಪಾಯ ಕಟ್ಟಿಸುತ್ತಿದ್ದರು. ಇನ್ನೊಂದು ನಮ್ಮ ಮನೆಯಂಗಳದ್ದೇ ಉದಾಹರಣೆ. ಇಡೀ ರಾತ್ರಿಯ ಯಕ್ಷಗಾನದಲ್ಲಿ ಒಡ್ಡೋಲಗದಲ್ಲಿಯೇ, ಅಂದರೆ ಮೊದಲ ಪ್ರವೇಶದ ಕುಣಿತದಲ್ಲಿಯೇ, ಇದ್ದ ಶಕ್ತಿಯನ್ನೆಲ್ಲ ಕುಣಿದು ಮುಗಿಸಿದ ವೇಷಧಾರಿಗೆ ಬೆಳಗಿನ ಜಾವದ ಯುದ್ಧದ ಪದ್ಯಕ್ಕೆ ಕಾಲು ಏಳುವುದಿಲ್ಲ ಎನ್ನುತ್ತಾರೆ ಮಾಸ್ಟ್ರು. ಈ ಎರಡನೆಯ ಮಾತು ಎಲ್ಲರಿಗೂ ಒಮ್ಮೆಗೇ ತಲುಪುತ್ತದೆ. ಕರಾವಳಿಯವರಾದ ನಮ್ಮ ಕಣ್ಣಿಗೆ ಓಟವೆಂದರೆ ಮೊದಲು ಕಾಣುವುದು ಕಂಬಳದ ಗದ್ದೆ. 2020ರ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದ್ದನ್ನು ಇಲ್ಲಿನ ಮಕ್ಕಳೂ ಹೇಳುತ್ತಾರೆ. ಅಂಥ ವೇಗವನ್ನು ನೋಡಿ ಬೆಳೆದ ಕಣ್ಣಿಗೆ ನಿಧಾನ ಓಟ ಓಟವೇ ಅಲ್ಲವೆಂದು ತೋರುವುದು ಸಹಜ, ಅದನ್ನು ಮರೆಸಲು ರಾತ್ರಿಯಿಡೀ ಆಡುವ ವೇಷಧಾರಿಯೇ ಬರಬೇಕಾಯಿತು.

ವಾರದ ಕ್ರಮ ಸರಳವಾಗಿದೆ. ಮಂಗಳವಾರ ಅಜ್ಜರಕಾಡು, ಗುರುವಾರ ಮಣಿಪಾಲದ ಏರು, ಭಾನುವಾರ ಪಡುಕೆರೆಯ ಕಡಲ ದಾರಿಯಲ್ಲಿ ಉದ್ದದ ಓಟ. ಮಂಗಳವಾರ ಮೊದಲ ನಾಲ್ಕು ತಿಂಗಳು ಬರೇ ನಿಧಾನದ ಸುತ್ತುಗಳು. ಆಮೇಲೆ 400 ಮೀಟರಿನ ಸುತ್ತಿಗೆ ಒಂದರಂತೆ, ಎಂಟು ಹತ್ತು ಬಾರಿ ಇಪ್ಪತ್ತು ಸೆಕೆಂಡು ಸ್ವಲ್ಪ ಚುರುಕಾಗಿ ಓಡಿಸುತ್ತಾರೆ. ಗುರುವಾರ ಇಂದ್ರಾಳಿಯಿಂದ ಮಣಿಪಾಲಕ್ಕೆ ಏರುವ ದಾರಿ. ಏರು ಓಟದಲ್ಲಿ ಮಾತು ತುಂಡಾದ ಕೂಡಲೇ ನಡೆಯಬೇಕೆಂಬುದು ಕಟ್ಟುನಿಟ್ಟಿನ ನಿಯಮ, ಇಳಿಯುವಾಗ ಎಲ್ಲರೂ ನಡೆದೇ ಇಳಿಯಬೇಕು. ಮೊಣಗಂಟಿಗೆ ಪೆಟ್ಟು ಬೀಳುವುದು ಇಳಿತದಲ್ಲಿ ಎಂಬುದನ್ನು ಅವರು ನಮ್ಮ ಕಾಲಿನಿಂದಲೇ ನಮಗೆ ತಿಳಿಸಿಕೊಟ್ಟರು.

ಭಾನುವಾರವೇ ಈ ಕ್ಲಾಸಿನ ಜೀವಾಳ. ಮಲ್ಪೆಯ ಬಂದರಿನ ಆಚೆಗಿನ ಸೇತುವೆ ದಾಟಿ ಪಡುಕೆರೆಗೆ ಇಳಿದರೆ ಪಡುವಣದಲ್ಲಿ ಕಡಲು, ಮೂಡಣದಲ್ಲಿ ಹೊಳೆ, ನಡುವೆ ತೆಂಗಿನ ತೋಟಗಳ ಒಂದು ಕಿರಿದಾದ ಪಟ್ಟಿ. ಅದರ ಮೇಲೆ ದಕ್ಷಿಣಕ್ಕೆ ಮಟ್ಟುವಿನ ಕಡೆಗೆ ಹೋಗುವ ರಸ್ತೆ ಬಹುಪಾಲು ಸಮತಟ್ಟಾಗಿದೆ. ಗುಳ್ಳ ಬದನೆಯಿಂದ ಹೆಸರಾದ ಮಟ್ಟುವನ್ನು ನಾನು ತಟ್ಟೆಯಲ್ಲಿ ಮಾತ್ರ ಕಂಡಿದ್ದವಳು, ಕಾಲಿನಿಂದ ಕಂಡದ್ದು ಈ ಕ್ಲಾಸಿನ ದೆಸೆಯಿಂದ. ಮೊದಲ ಭಾನುವಾರ ನಡಿಗೆ ಸೇರಿಸಿ 4 ಕಿಲೋಮೀಟರ್. ಆಗಸ್ಟ್ ಕೊನೆಗೆ 8, ನವೆಂಬರಿನಲ್ಲಿ 14, ಜನವರಿಯಲ್ಲಿ 18. ಮೂರು ವಾರ ಸ್ವಲ್ಪ ಸ್ವಲ್ಪವೇ ಏರಿಸಿ ನಾಲ್ಕನೆಯ ವಾರ ಮೂರನೆಯ ಒಂದು ಪಾಲು ಇಳಿಸುತ್ತಾರೆ. ಈ ಇಳಿಕೆಯ ವಾರದಲ್ಲಿ ಯಾರಾದರೂ ಹೆಚ್ಚು ಓಡಿದರೆಂದು ತಿಳಿದರೆ ಮಾಸ್ಟ್ರು ಬೈಯುವುದಿಲ್ಲ, ಪುಸ್ತಕದಲ್ಲಿ ಅವರ ಸಾಲಿನ ಮುಂದೆ ಪೆನ್ಸಿಲಿನಿಂದ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ. ಮುಂದಿನ ವಾರ ಆ ಸಾಲು ಬರೆಯುವಾಗ ಆ ಚಿಹ್ನೆಯ ಪಕ್ಕದಲ್ಲಿಯೇ ಬರೆಯಬೇಕಾಗುತ್ತದೆ.

ಕರಾವಳಿಯಲ್ಲಿ ಓಡುವವರು ಬಯಲುಸೀಮೆಯ ಅಥವಾ ಬೆಂಗಳೂರಿನ ವೇಳಾಪಟ್ಟಿಯನ್ನು ಹಾಗೆಯೇ ತಂದು ಬಳಸಬಾರದೆಂಬುದು ನಾನು ಈ ಕ್ಲಾಸಿನಲ್ಲಿ ಪಡೆದ ಅತ್ಯಂತ ಉಪಯುಕ್ತ ತಿಳಿವಳಿಕೆ. ಬೆವರು ಹರಿದರೆ ಸಾಲದು, ಆರಬೇಕು. ಆರಿದಾಗಲೇ ಅದು ದೇಹದ ಕಾವನ್ನು ಒಯ್ಯುತ್ತದೆ. ನಮ್ಮ ಮುಂಜಾವಿನ ಗಾಳಿ ಮೊದಲೇ ತೇವದಿಂದ ತುಂಬಿರುವುದರಿಂದ ಬೆವರು ಮೈಮೇಲೆಯೇ ನಿಲ್ಲುತ್ತದೆ. ಕಾವು ಇಳಿಸಲು ದೇಹ ಹೆಚ್ಚು ರಕ್ತವನ್ನು ಚರ್ಮದ ಕಡೆಗೆ ಕಳುಹಿಸುತ್ತದೆ, ಕಾಲುಗಳಿಗೆ ಸಿಗುವ ಪಾಲು ಕಡಿಮೆಯಾಗುತ್ತದೆ, ಅದೇ ವೇಗದಲ್ಲಿ ಓಡುತ್ತಿದ್ದರೂ ಹೃದಯದ ಬಡಿತ ಏರುತ್ತಲೇ ಹೋಗುತ್ತದೆ. ಒಣಗಾಳಿಯ ಊರಿನಲ್ಲಿ ಸುಲಭವೆನಿಸುವ ವೇಗ ಇಲ್ಲಿ ಏದುಸಿರು ತರುವುದು ಇದಕ್ಕಾಗಿ. ದೇಹ ಸೆಕೆಗೆ ಹೊಂದಿಕೊಳ್ಳಲು ಸುಮಾರು ಹತ್ತರಿಂದ ಹದಿನಾಲ್ಕು ದಿನ ಬೇಕು. ಆ ಅವಧಿಯಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಆರಂಭವಾಗುತ್ತದೆ. ಮಳೆ ಬಿಟ್ಟು ಸೆಕೆ ಬಂದ ಅಕ್ಟೋಬರಿನಲ್ಲಿ ಮಾಸ್ಟ್ರು ಎರಡು ವಾರ ಎಲ್ಲರ ಓಟವನ್ನೂ ತಗ್ಗಿಸಿದರು. ಹಿಂದೆ ಇದೇ ತಿಂಗಳಿನಲ್ಲಿ ನಾನು ‘ನನ್ನ ಕೈಯಿಂದ ಆಗುವುದಿಲ್ಲ’ ಎಂದು ಮನಸ್ಸಿನಲ್ಲಿಯೇ ತೀರ್ಮಾನಿಸಿ ಓಟ ಬಿಟ್ಟದ್ದು ನೆನಪಾಯಿತು. ಆಗ ನನ್ನ ಮನಸ್ಸನ್ನು ಸುಮ್ಮನೆ ದೂರಿದ್ದೆ. ಅರ್ಧ ಕಾರಣ ಗಾಳಿಯಲ್ಲಿತ್ತು.

ಮಳೆಗಾಲದ ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಸಣ್ಣ ಮಳೆಗೆ ಓಟ ನಿಲ್ಲುವುದಿಲ್ಲ, ಗುಡುಗು ಅಥವಾ ರೆಡ್ ಅಲರ್ಟ್ ಇದ್ದರೆ ನಿಲ್ಲುತ್ತದೆ. ಬೂಟಿನೊಳಗೆ ಹಳೆಯ ಪೇಪರು ತುರುಕಿ ಫ್ಯಾನಿನ ಕೆಳಗೆ ಇಡುವುದು, ಎರಡು ಜೊತೆ ಬೂಟುಗಳನ್ನು ಸರದಿಯಲ್ಲಿ ಬಳಸುವುದು, ಬೆರಳ ಸಂದಿಗಳಿಗೆ ಓಟದ ಮುಂಚೆ ತೆಂಗಿನೆಣ್ಣೆ ಹಚ್ಚುವುದು, ಇವಿಷ್ಟು ಕಲಿತರೆ ಜುಲೈ ಕಳೆಯುತ್ತದೆ.

ಇನ್ನು ಹುರುಪಿನ ಮಾತು. ಸೇರುವ ಮೊದಲು ನನಗಿದ್ದ ದೊಡ್ಡ ಪ್ರಶ್ನೆ ಇದೇ ಆಗಿತ್ತು. ಮಾಸ್ಟ್ರು ಹುರಿದುಂಬಿಸುವ ಭಾಷಣ ಮಾಡುವವರಲ್ಲ. ಒಂಬತ್ತು ತಿಂಗಳಲ್ಲಿ ಒಮ್ಮೆಯೂ ಮಾಡಲಿಲ್ಲ. ಅವರು ಮಾಡುವುದು ಒಂದೇ ಏರ್ಪಾಡು: ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರರನ್ನು ಗೊತ್ತುಮಾಡುತ್ತಾರೆ, ಜೊತೆಗಾರರು ಬಾರದೆ ಇನ್ನೊಬ್ಬರು ಓಟ ಆರಂಭಿಸುವಂತಿಲ್ಲ. ಬರಲಾಗದಿದ್ದರೆ ಹಿಂದಿನ ರಾತ್ರಿ ಒಂಬತ್ತರೊಳಗೆ ಫೋನ್ ಮಾಡಿ ಜೊತೆಗಾರರಿಗೇ ಹೇಳಬೇಕು. ಮೆಸೇಜು ನಡೆಯುವುದಿಲ್ಲ, ಧ್ವನಿಯಲ್ಲಿಯೇ ಹೇಳಬೇಕು. ನನ್ನ ಜೊತೆಗಾರ್ತಿ ಉದ್ಯಾವರದ ಕಡೆಯವರು, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು, ನನಗಿಂತ ಎಂಟು ವರ್ಷ ದೊಡ್ಡವರು. ನವರಾತ್ರಿಯ ಮರುವಾರ ಒಂದು ಗುರುವಾರ ಅಲಾರಾಂ ಹೊಡೆದಾಗ ನನಗೆ ಏಳಲು ಎಳ್ಳಷ್ಟೂ ಮನಸ್ಸಿರಲಿಲ್ಲ. ಜ್ವರವಿರಲಿಲ್ಲ, ನೋವಿರಲಿಲ್ಲ, ಹಿಂದೆ ಎರಡನೆಯ ಬಾರಿ ಬಿಟ್ಟಾಗ ಇದ್ದಂಥದೇ ಖಾಲಿತನ. ಆದರೆ ಅಕ್ಕ ಇಂದ್ರಾಳಿಯ ಸೇತುವೆಯ ಹತ್ತಿರ ಕತ್ತಲೆಯಲ್ಲಿ ನಿಂತಿರುತ್ತಾರೆ ಎಂಬುದು ನೆನಪಾಯಿತು. ಹೋದೆ. ಆ ದಿನದ ಓಟ ಚೆನ್ನಾಗಿಯೇನೂ ಆಗಲಿಲ್ಲ, ಪುಸ್ತಕದಲ್ಲಿ ತಪ್ಪು ಗುರುತನ್ನೇ ಹಾಕಿದೆ. ಬರೆಯುವಾಗ ಅಕ್ಕ, “ನಂಗೂ ಇವತ್ತು ಮನಸ್ಸಿರ್ಲಿಲ್ಲ ಮಾರಾಯ್ರೆ, ನೀವು ಬಂದು ಕಾಯ್ತೀರಿ ಅಂತ ಬಂದದ್ದು,” ಎಂದರು.

ಈ ಮಾತು ಕೇಳಿದ ಮೇಲೆ ನನ್ನ ಎರಡನೆಯ ಸೋಲಿನ ಬಗ್ಗೆ ನನ್ನನ್ನು ನಾನು ಹಳಿಯುವುದನ್ನು ಬಿಟ್ಟೆ. ಮನಸ್ಸು ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ. ಅದು ಇಲ್ಲದ ದಿನಗಳನ್ನು ದಾಟಿಸಲು ಹೊರಗೆ ಏನಾದರೂ ಒಂದು ಕಟ್ಟು ಬೇಕು. ಮೊನ್ನೆ ನನ್ನ ಸಾಲುಗಳನ್ನು ಎಣಿಸಿ ನೋಡಿದೆ. ಮೂವತ್ತೆಂಟು ವಾರಗಳ 114 ದಿನಗಳಲ್ಲಿ 97 ದಿನ ಹೋಗಿದ್ದೇನೆ. ಅದರಲ್ಲಿ ಮನಸ್ಸಿದ್ದು ಹೋದದ್ದು ಅರುವತ್ತು ದಿನವಿದ್ದರೆ ಹೆಚ್ಚು.

ಆಹಾರದ ವಿಷಯದಲ್ಲಿ ಕ್ಲಾಸಿನ ಧೋರಣೆ ನನಗೆ ಬಹಳ ಹಿಡಿಸಿತು. ಭಾನುವಾರ ಮಾಸ್ಟ್ರು ಸ್ಕೂಟರಿನಲ್ಲಿ ಹಿಂದೆ ಮುಂದೆ ಓಡಾಡುತ್ತ, ಮಟ್ಟುವಿನ ಕಡೆಯಿಂದ ತಿರುಗುವ ಜಾಗದಲ್ಲಿ ದೊಡ್ಡ ಸ್ಟೀಲ್ ಫ್ಲಾಸ್ಕ್ ಇಟ್ಟುಕೊಂಡು ನಿಲ್ಲುತ್ತಾರೆ. ಅದರಲ್ಲಿರುವುದು ಕುಚ್ಚಲಕ್ಕಿ ಗಂಜಿಯ ತೆಳಿ, ಉಪ್ಪು ಹಾಕಿದ್ದು, ಬೆಚ್ಚಗೆ. ಸ್ಟೀಲ್ ಲೋಟದಲ್ಲಿ ಅರ್ಧ ಲೋಟ ಕೊಡುತ್ತಾರೆ. ಅದರ ತಳದಲ್ಲಿ ನಾಲ್ಕೈದು ಅಗುಳು ಉಳಿದಿರುತ್ತವೆ, ಅದನ್ನೂ ಅಗಿದು ನುಂಗಿ ಮುಂದೆ ಹೋಗಬೇಕು. ಬೆವರಿನಲ್ಲಿ ಹೋಗುವ ಸೋಡಿಯಂಗೆ ಉಪ್ಪು, ಶಕ್ತಿಗೆ ಅಕ್ಕಿಯ ಪಿಷ್ಟ, ಜೊತೆಗೆ ನೀರು. ಮೂರೂ ಒಂದೇ ಲೋಟದಲ್ಲಿವೆ. ಬರೇ ನೀರನ್ನೇ ಲೀಟರುಗಟ್ಟಲೆ ಕುಡಿಯುತ್ತ ಹೋದರೆ ರಕ್ತದಲ್ಲಿ ಸೋಡಿಯಂ ಅಪಾಯಕಾರಿಯಾಗಿ ಇಳಿಯಬಹುದೆಂಬುದನ್ನು ಅವರು ಪ್ರತಿ ಹೊಸಬರಿಗೂ ಮೊದಲ ವಾರವೇ ಹೇಳುತ್ತಾರೆ.

ದೂರ ಓಡುವವರಲ್ಲಿ ಈಗ ಶಕ್ತಿಗಾಗಿ ಓಡುತ್ತಲೇ ನುಂಗುವ ಜೆಲ್ಲಿನ ಪ್ಯಾಕೆಟ್ಟುಗಳ ಬಳಕೆ ಹೆಚ್ಚಾಗಿದೆ. ಅದರ ಅಗತ್ಯ ಯಾವಾಗ ಬೀಳುತ್ತದೆ ಎಂಬುದನ್ನು ಮಾಸ್ಟ್ರು ಒಂದು ಭಾನುವಾರ ಮರಳ ಮೇಲೆ ಕಡ್ಡಿಯಿಂದ ಲೆಕ್ಕ ಬರೆದು ತೋರಿಸಿದರು. ಓಡುವಾಗ ಒಂದು ಕಿಲೋಮೀಟರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು ಒಂದು ಕಿಲೋಕ್ಯಾಲೊರಿ ಖರ್ಚಾಗುತ್ತದೆ. 60 ಕಿಲೋ ತೂಕದವರು 21 ಕಿಲೋಮೀಟರ್ ಓಡಲು ಸುಮಾರು 1,260 ಕಿಲೋಕ್ಯಾಲೊರಿ ಬೇಕು. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಶಕ್ತಿ ಸುಮಾರು 2,000 ಕಿಲೋಕ್ಯಾಲೊರಿಯಷ್ಟಿರುತ್ತದೆ, ಜೊತೆಗೆ ಕೊಬ್ಬೂ ಕರಗುತ್ತದೆ. ಹಾಗಾಗಿ ಹಿಂದಿನ ರಾತ್ರಿ ಚೆನ್ನಾಗಿ ಉಂಡವರು ನಿಧಾನವಾಗಿ ಅರ್ಧ ಮ್ಯಾರಥಾನ್ ಮುಗಿಸಲು ಅಷ್ಟು ಪರದಾಡಬೇಕಾಗಿಲ್ಲ. 42.195 ಕಿಲೋಮೀಟರಿನ ಪೂರ್ಣ ಮ್ಯಾರಥಾನಿಗೆ ಈ ದಾಸ್ತಾನು ಸಾಲದು. ಒಂದೂವರೆ ಗಂಟೆಗೆ ಮೀರಿದ ಓಟಗಳಲ್ಲಿ ಗಂಟೆಗೆ 30ರಿಂದ 60 ಗ್ರಾಮಿನಷ್ಟು ಕಾರ್ಬೊಹೈಡ್ರೇಟ್ ಒಳಗೆ ಹೋಗುತ್ತಿದ್ದರೆ ಕಾಲು ಸೋಲುವುದಿಲ್ಲ. ನಮ್ಮಲ್ಲಿ ಅದಕ್ಕೆ ಬಾಳೆಹಣ್ಣು ಮತ್ತು ಬೆಲ್ಲ ಸಾಕಾಗುತ್ತದೆ.

ಈಗ ಕೊರತೆಗಳನ್ನು ಹೇಳಬೇಕು, ಏಕೆಂದರೆ ಅವು ಸಣ್ಣವಲ್ಲ. ಮೊದಲನೆಯದಾಗಿ, ಈ ಕ್ಲಾಸಿನಲ್ಲಿ ಸ್ನಾಯುಬಲದ ವ್ಯಾಯಾಮ ಇಲ್ಲವೆಂದೇ ಹೇಳಬೇಕು. ಮೀನಖಂಡ, ಸೊಂಟ, ತೊಡೆಯ ಸ್ನಾಯುಗಳನ್ನು ವಾರಕ್ಕೆ ಎರಡು ಬಾರಿಯಾದರೂ ಬಲಪಡಿಸದಿದ್ದರೆ ಓಟದ ಭಾರವೆಲ್ಲ ಎಲುಬು ಮತ್ತು ಸ್ನಾಯುರಜ್ಜುಗಳ ಮೇಲೆ ಬೀಳುತ್ತದೆ. ನಲವತ್ತು ದಾಟಿದ ಮಹಿಳೆಯರಿಗೆ ಎಲುಬಿನ ದೃಷ್ಟಿಯಿಂದಲೂ ಇದು ಅಗತ್ಯ. ನವೆಂಬರಿನಲ್ಲಿ ನನ್ನ ಎಡ ಹಿಮ್ಮಡಿಯ ಮೇಲಿನ ರಜ್ಜು ಬೆಳಿಗ್ಗೆ ಹೊತ್ತು ಬಿಗಿಯಾಗತೊಡಗಿತು. ಮಾಸ್ಟ್ರು ಎರಡು ವಾರ ಓಟ ಕಡಿಮೆ ಮಾಡಲು ಹೇಳಿದರೇ ಹೊರತು ಬೇರೆ ಉಪಾಯ ಹೇಳಲಿಲ್ಲ. ನಾನು ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕಂಡು, ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಏರಿಸಿ ಇಳಿಸುವ ವ್ಯಾಯಾಮವನ್ನು ಕಲಿತು, ಎರಡು ತಿಂಗಳು ಬಿಡದೆ ಮಾಡಿದ ಮೇಲೆ ಸರಿಯಾಯಿತು. ಇದನ್ನು ಕ್ಲಾಸಿನಲ್ಲಿಯೇ ಮೊದಲ ದಿನದಿಂದ ಮಾಡಿಸಿದ್ದರೆ ಈ ತೊಂದರೆ ಬರುತ್ತಲೇ ಇರಲಿಲ್ಲವೇನೋ. ಈ ಮಾತನ್ನು ನಾನು ಅವರಿಗೆ ನೇರವಾಗಿ ಹೇಳಿದ್ದೇನೆ. “ನಮ್ಮ ಕಾಲದಲ್ಲಿ ಗುದ್ದಲಿ ಹಿಡಿದು ಬೆಳೆದ ಮೈ, ಬೇರೆ ಎಂತದೂ ಬೇಕಾಗ್ತಿರ್ಲಿಲ್ಲ,” ಎಂದು ಸ್ವಲ್ಪ ಹೊತ್ತು ಯೋಚಿಸಿ, “ನೀವು ಹೇಳುದು ಸರಿ ಉಂಟು, ಈಗಿನವರದ್ದು ಕುರ್ಚಿಯ ಮೈ,” ಎಂದರು. ಆದರೂ ಕ್ರಮ ಇನ್ನೂ ಬದಲಾಗಿಲ್ಲ.

ಎರಡನೆಯ ಕೊರತೆ ಮಹಿಳೆಯರಿಗೆ ಸಂಬಂಧಿಸಿದ್ದು. ಭಾನುವಾರದ ದಾರಿಯಲ್ಲಿ ಎರಡು ಗಂಟೆಗೂ ಹೆಚ್ಚು ಕಾಲ ಹೊರಗಿರುವಾಗ ಶೌಚಾಲಯಕ್ಕೆ ಯಾವ ಏರ್ಪಾಡೂ ಇರಲಿಲ್ಲ. ಆರಂಭದಲ್ಲಿ ನಾವು ಮೂರೇ ಮಂದಿ ಹೆಂಗಸರು, ಇದನ್ನು ಬಾಯಿಬಿಟ್ಟು ಹೇಳಲು ಸಂಕೋಚಪಟ್ಟು ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆವು. ಅದು ಈ ಹವೆಯಲ್ಲಿ ಎಂಥ ತಪ್ಪೆಂದು ಈಗ ತಿಳಿಯುತ್ತದೆ. ಸೆಪ್ಟೆಂಬರಿನಲ್ಲಿ ಉದ್ಯಾವರದ ಅಕ್ಕನೇ ದಾರಿಯ ಬದಿಯ ಎರಡು ಮನೆಗಳವರಲ್ಲಿ ಕೇಳಿ ಒಪ್ಪಿಸಿದರು. ಏರ್ಪಾಡಾದದ್ದು ಸಂತೋಷ, ಆದರೆ ಶುಲ್ಕ ಪಡೆಯುವ ಕ್ಲಾಸು ಅದನ್ನು ತಾನಾಗಿಯೇ ಮಾಡಬೇಕಿತ್ತು. ತಿಂಗಳ ಮುಟ್ಟಿನ ದಿನಗಳಲ್ಲಿ ಓಟವನ್ನು ಹೇಗೆ ಹೊಂದಿಸಿಕೊಳ್ಳಬೇಕು, ಹಿಮೋಗ್ಲೋಬಿನ್ ಕಡಿಮೆಯಿದ್ದರೆ ದಮ್ಮು ಹೇಗೆ ಸೋಲುತ್ತದೆ ಎಂಬ ವಿಷಯಗಳೂ ಕ್ಲಾಸಿನಲ್ಲಿ ಬರುವುದಿಲ್ಲ. ಕತ್ತಲೆಯಲ್ಲಿ ಹೆಂಗಸರನ್ನು ಒಂಟಿಯಾಗಿ ಓಡಲು ಬಿಡದಿರುವುದು, ಎಲ್ಲರಿಗೂ ಮಿಂಚುವ ಪಟ್ಟಿಯ ಜಾಕೆಟ್ ಕೊಡುವುದು, ಬೀದಿನಾಯಿಗಳಿರುವ ಜಾಗಕ್ಕೆ ಸ್ಕೂಟರನ್ನು ಮುಂಚೆಯೇ ಕಳುಹಿಸುವುದು, ಇವುಗಳಲ್ಲಿ ಮಾತ್ರ ಅವರ ಎಚ್ಚರ ಪೂರ್ತಿಯಾಗಿದೆ. ನನ್ನ ಮನೆಯವರು ನನ್ನನ್ನು ನಿಶ್ಚಿಂತೆಯಿಂದ ಕಳುಹಿಸಿದ್ದು ಈ ಕಾರಣಕ್ಕೆ.

ಮೂರನೆಯದು, ಗುಂಪು ಬೆಳೆಯುತ್ತಿದೆ. ಹದಿನಾಲ್ಕು ಮಂದಿಯಿದ್ದಾಗ ಮಾಸ್ಟ್ರು ಪ್ರತಿಯೊಬ್ಬರ ಪಾದ ನೆಲಕ್ಕೆ ತಾಗುವ ಸದ್ದನ್ನೂ ಕೇಳಿಸಿಕೊಳ್ಳುತ್ತಿದ್ದರು. ಈಗ ಮೂವತ್ತರ ಹತ್ತಿರ ಆಗಿದ್ದೇವೆ. ಕಳೆದ ತಿಂಗಳು ಸೇರಿದ ಹುಡುಗನೊಬ್ಬ ಎರಡನೆಯ ವಾರವೇ 12 ಕಿಲೋಮೀಟರ್ ಓಡಿದ್ದನ್ನು ಅವರು ಗಮನಿಸಿದ್ದು ಪುಸ್ತಕದಲ್ಲಿ ಅವನು ಬರೆದ ಓಟದ ಹೊತ್ತನ್ನು ನೋಡಿದ ಮೇಲೆ. ಸಹಾಯಕ್ಕೆ ಇನ್ನೊಬ್ಬರು ಬೇಕೇಬೇಕು.

ವೇಗ ಬೇಕೆನ್ನುವವರಿಗೆ, ಅಂದರೆ 10 ಕಿಲೋಮೀಟರನ್ನು ಐವತ್ತು ನಿಮಿಷದ ಒಳಗೆ ಓಡುವ ಗುರಿಯಿರುವವರಿಗೆ ಇಲ್ಲಿ ಬೇಕಾದ ತರಬೇತಿ ಸಿಗುವುದಿಲ್ಲ. ಅಂಥ ಇಬ್ಬರು ನಮ್ಮ ಕಣ್ಣೆದುರೇ ಸೇರಿ, ತಿಂಗಳೊಳಗೆ ಬಿಟ್ಟುಹೋದರು, ಅವರ ಅಸಮಾಧಾನ ನ್ಯಾಯವಾದದ್ದೇ. ಓಟವನ್ನು ಆರಂಭಿಸಿ ಬಿಟ್ಟವರಿಗೆ, ನಲವತ್ತು ದಾಟಿ ಹೆದರಿ ನಿಂತವರಿಗೆ, ನಾಲ್ಕು ಕಿಲೋಮೀಟರಿಗೆ ಉಸಿರು ಕಟ್ಟುವವರಿಗೆ ನಾನು ಇದನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಜೂನಿನಲ್ಲಿ ಮಾತು ತುಂಡಾಗದಂತೆ ಓಡಲು ನನಗೆ ಕಿಲೋಮೀಟರಿಗೆ ಒಂಬತ್ತು ನಿಮಿಷ ಬೇಕಿತ್ತು. ಈಗ ಅದೇ ನಿರಾಳದಲ್ಲಿ ಏಳೂವರೆ ನಿಮಿಷಕ್ಕೆ ಓಡುತ್ತೇನೆ. ಯಾರೂ ನನ್ನನ್ನು ಬೇಗ ಓಡು ಎಂದು ಹೇಳಿಲ್ಲ. ಫೆಬ್ರವರಿಯ ಒಂದು ಭಾನುವಾರ ಪಡುಕೆರೆಯ ದಾರಿಯಲ್ಲಿ 21.1 ಕಿಲೋಮೀಟರನ್ನು 2 ಗಂಟೆ 41 ನಿಮಿಷದಲ್ಲಿ ಮುಗಿಸಿದೆ. ಸ್ಪರ್ಧೆಯಲ್ಲ, ಪದಕವಿಲ್ಲ, ಎದೆಯ ಮೇಲೆ ನಂಬರಿನ ಚೀಟಿಯೂ ಇರಲಿಲ್ಲ. ಕೊನೆಯ ಎರಡು ಕಿಲೋಮೀಟರ್ ಅಕ್ಕ ತಮ್ಮ ಮಗಳ ಮದುವೆಯ ಮಾತುಕತೆಯ ಕಥೆಯನ್ನು ಹೇಳುತ್ತಿದ್ದರು, ನಾನು ನಡುನಡುವೆ ಪ್ರಶ್ನೆ ಕೇಳುತ್ತಿದ್ದೆ. ಸೇತುವೆಯ ಬುಡದಲ್ಲಿ ಪುಸ್ತಕ ತೆರೆದೇ ಇತ್ತು. ಮೂರನೆಯ ಕಲಮಿನಲ್ಲಿ ಸರಿ ಗುರುತು ಹಾಕುವಾಗ ನನ್ನ ಕೈ ಬೆವರಿಗೆ ಪುಟ ಒದ್ದೆಯಾಗಿ ಶಾಯಿ ಸ್ವಲ್ಪ ಹರಡಿತು, ಆ ಗುರುತು ಈಗಲೂ ಹಾಗೆಯೇ ಇದೆ.

ಸೇರಬೇಕೆನ್ನುವವರು ಯಾವುದೇ ಮಂಗಳವಾರ ಬೆಳಿಗ್ಗೆ ಐದೂಕಾಲಕ್ಕೆ ಅಜ್ಜರಕಾಡಿಗೆ ಬಂದರೆ ಸಾಕು. ಕೆಂಪು ರಟ್ಟಿನ ಪುಸ್ತಕವಿರುವ ಸ್ಕೂಟರು ಗುರುತಿಗೆ ಸಿಗುತ್ತದೆ. ಮೊದಲ ವಾರ ಶುಲ್ಕವಿಲ್ಲ. ಹೊಸ ಬೂಟು ಕೊಳ್ಳುವ ಅಗತ್ಯವಿಲ್ಲ, ಇದ್ದದ್ದು ಕಾಲಿಗೆ ಹಿತವಾಗಿದ್ದರೆ ಅದೇ ಸಾಕೆನ್ನುತ್ತಾರೆ. ನಲವತ್ತು ದಾಟಿದವರು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವವರು ಮೊದಲು ಡಾಕ್ಟರರನ್ನು ಕಂಡು ಬರಬೇಕು, ಆ ಚೀಟಿಯನ್ನು ಮಾಸ್ಟ್ರು ಕೇಳಿಯೇ ಕೇಳುತ್ತಾರೆ. ಶುಲ್ಕವನ್ನು ನಗದಾಗಿಯೇ ಕೊಡಬೇಕು, ರಸೀದಿ ಸಿಗುವುದಿಲ್ಲ. ಪುಸ್ತಕದ ಕೊನೆಯ ಪುಟದಲ್ಲಿ ಹೆಸರಿನ ಮುಂದೆ ಬರೆದುಕೊಳ್ಳುತ್ತಾರೆ. ನಾನು ಮುಂದಿನ ಮೂರು ತಿಂಗಳಿಗೆ ನಿನ್ನೆಯೇ ಬರೆಸಿ ಬಂದಿದ್ದೇನೆ.